ಲೆನ್ಸ್ ಸರಿ ಬರುತ್ತಿಲ್ಲವೇ? ಗಾಜು ಬದಲಿಸುವ ಮುಂಚೆ ಇಷ್ಟು ನೋಡಿ

"ಸರ್, ಗಾಜು ಬದಲಿಸೋಣ್ವಾ?" ನನ್ನ ಹತ್ತಿರ ಲೆನ್ಸ್ ಹಿಡಿದು ಬರುವ ಹುಡುಗರು ಮೊದಲು ಕೇಳುವುದೇ ಇದನ್ನು. ಚಂದ್ರನ ಸುತ್ತ ನೇರಳೆ ಕಂಡರೂ ಇದೇ ಮಾತು, ಚಿತ್ರ ಮಸುಕಾದರೂ ಇದೇ ಮಾತು. ನಾನು ದಾವಣಗೆರೆಯಲ್ಲಿ ಕಾಲೇಜು ಮಕ್ಕಳ ಪ್ರಾಜೆಕ್ಟಿಗೆ ಮತ್ತು ಆಕಾಶ ನೋಡುವ ಗೆಳೆಯರಿಗೆ ಸಣ್ಣಪುಟ್ಟ ಲೆನ್ಸ್ ಡಿಸೈನ್ ಮಾಡಿಕೊಡುತ್ತೇನೆ. ಇಷ್ಟು ವರ್ಷದಲ್ಲಿ ಕಂಡದ್ದೇನೆಂದರೆ, ಗಾಜಿನ ಮೇಲೆ ಬರುವ ದೂರುಗಳಲ್ಲಿ ಬಹಳಷ್ಟು ಗಾಜಿನವಲ್ಲ. ಸ್ಕ್ರೂ ಬಿಗಿಯಾಗಿರುತ್ತದೆ, ಐಪೀಸ್ (ಕಣ್ಣಿಟ್ಟು ನೋಡುವ ಕಡೆಯ ಸಣ್ಣ ಲೆನ್ಸ್) ಕೆಟ್ಟದಿರುತ್ತದೆ, ಚಂದ್ರ ಇನ್ನೂ ತೀರಾ ಕೆಳಗಿರುತ್ತಾನೆ. ನಿಜವಾಗಿ ಗಾಜಿನದೇ ತಪ್ಪಾಗಿದ್ದಾಗ ಮಾತ್ರ ಅದನ್ನು ಹೆಸರು ನೋಡಿ ಹಿಡಿಯಲು ಆಗುವುದಿಲ್ಲ, ಅಂಕಿ ನೋಡಿಯೇ ಹಿಡಿಯಬೇಕು.

ಉದಾಹರಣೆಗೆ ಉದ್ದಕ್ಕೂ ಒಂದೇ ಲೆನ್ಸ್ ಇಟ್ಟುಕೊಳ್ಳೋಣ. 80 ಮಿ.ಮೀ. ಅಗಲ, 1000 ಮಿ.ಮೀ. ಸಂಗಮದೂರ, ಎರಡು ಗಾಜು ಸೇರಿಸಿ ಮಾಡಿದ ಡಬ್ಲೆಟ್. ಟೆಲಿಸ್ಕೋಪಿಗೆ ಮೊದಲ ಸಲ ಕೈ ಹಾಕುವವರು ಸಾಮಾನ್ಯವಾಗಿ ಇಂಥದ್ದನ್ನೇ ಮಾಡುತ್ತಾರೆ.

## ಗಾಜಿನ ಜಾತಕ

ಎರಡು ಅಂಕಿ ಗೊತ್ತಿರಬೇಕು. ಒಂದು ವಕ್ರೀಭವನ ಸೂಚ್ಯಂಕ, ಅಂದರೆ ಗಾಜು ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವುದು. ಇದನ್ನು 587.6 ನ್ಯಾನೋಮೀಟರಿನ ಹಳದಿ ಬೆಳಕಿಗೆ ಕೊಟ್ಟಿರುತ್ತಾರೆ. ಇನ್ನೊಂದು ಅಬ್ಬೆ ಸಂಖ್ಯೆ. ಇದು ಜಾಸ್ತಿ ಇದ್ದಷ್ಟೂ ಗಾಜು ಬಣ್ಣಗಳನ್ನು ಕಡಿಮೆ ಒಡೆಯುತ್ತದೆ. ಬಿಕೆ7 ಅನ್ನುವ ಕ್ರೌನ್ (ಬಣ್ಣ ಕಡಿಮೆ ಒಡೆಯುವ) ಗಾಜಿಗೆ 1.5168 ಮತ್ತು 64.17. ಎಫ್2 ಅನ್ನುವ ಫ್ಲಿಂಟ್ (ಬಣ್ಣ ಜಾಸ್ತಿ ಒಡೆಯುವ) ಗಾಜಿಗೆ 1.62004 ಮತ್ತು 36.37. ಇವೆರಡನ್ನೂ ಸೇರಿಸಿ ಆರಂಕಿಯ ಒಂದು ಸಂಖ್ಯೆ ಬರೆಯುತ್ತಾರೆ. ಬಿಕೆ7ಗೆ 517642, ಎಫ್2ಗೆ 620364. ಮೊದಲ ಮೂರು ಅಂಕಿ ಸೂಚ್ಯಂಕದ ದಶಮಾಂಶ ಭಾಗ, ಉಳಿದ ಮೂರು ಅಬ್ಬೆ ಸಂಖ್ಯೆಯ ಹತ್ತು ಪಟ್ಟು. ಬಿಲ್ಲಿನಲ್ಲಿ ಹೆಸರು ಏನೇ ಇರಲಿ, ಈ ಆರಂಕಿ ಕೇಳಿ ಬರೆಸಿಕೊಳ್ಳಿ.

## ಚಂದ್ರನ ಅಂಚಿಗೆ ನೇರಳೆ ಬಣ್ಣ ಕಾಣುತ್ತಿದೆ

ಎಲ್ಲಕ್ಕಿಂತ ಜಾಸ್ತಿ ಬರುವ ದೂರು ಇದು. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಖರ್ಚಿಲ್ಲದ ಪರೀಕ್ಷೆ ಮೊದಲು. ಚಂದ್ರ ಎಷ್ಟು ಎತ್ತರದಲ್ಲಿದ್ದಾನೆ? ಈಗಷ್ಟೇ ಮೂಡಿದ್ದರೆ ನೀವು ದಪ್ಪ ಗಾಳಿಯ ಮೂಲಕ ನೋಡುತ್ತಿದ್ದೀರಿ. ಗಾಳಿಯೇ ಪಟ್ಟಕದ ಹಾಗೆ ಕೆಲಸ ಮಾಡುತ್ತದೆ. ಮೇಲಂಚಿಗೆ ನೀಲಿ, ಕೆಳಂಚಿಗೆ ಕೆಂಪು ಬರುತ್ತದೆ, ಟೆಲಿಸ್ಕೋಪಿನಲ್ಲಿ ಚಿತ್ರ ತಲೆಕೆಳಗಾದರೆ ಇವೂ ಅದಲುಬದಲಾಗುತ್ತವೆ. ಎರಡು ಗಂಟೆ ಕಾಯಿರಿ. ಚಂದ್ರ ಮೇಲೆ ಬಂದ ಮೇಲೆ ಬಣ್ಣ ಹೋದರೆ ಲೆನ್ಸಿಗೆ ಏನೂ ಆಗಿಲ್ಲ.

ಆಮೇಲೆ ಐಪೀಸ್. ಚಂದ್ರನ ಅಂಚನ್ನು ನೋಟದ ನಡುವೆ ತನ್ನಿ, ಮತ್ತೆ ಬದಿಗೆ ಸರಿಸಿ. ನಡುವೆ ಬಣ್ಣವಿಲ್ಲದೆ ಬದಿಯಲ್ಲಿ ಮಾತ್ರ ಇದ್ದರೆ ಅದು ಹೆಚ್ಚಾಗಿ ಐಪೀಸಿನದು. ಗೆಳೆಯರ ಐಪೀಸ್ ಹಾಕಿ ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ನಡುವೆಯೇ ಬಣ್ಣ ಇದೆ, ಆದರೆ ಒಂದು ಪಕ್ಕ ಕೆಂಪು, ಎದುರು ಪಕ್ಕ ನೀಲಿ ಅನ್ನುತ್ತೀರಾ? ಲೆನ್ಸನ್ನು ಅದರ ಬಳೆಯ ಸಮೇತ ಕಾಲು ಸುತ್ತು ತಿರುಗಿಸಿ. ಬಣ್ಣದ ದಿಕ್ಕೂ ಜೊತೆಗೇ ತಿರುಗಿದರೆ ಲೆನ್ಸ್ ಓರೆ ಕೂತಿದೆ, ಇಲ್ಲವೇ ಅದರ ಅಂಚಿನ ದಪ್ಪ ಸುತ್ತಲೂ ಒಂದೇ ಸಮ ಇಲ್ಲ. ಅಂಚಿನ ದಪ್ಪವನ್ನು ಮೈಕ್ರೋಮೀಟರಿನಲ್ಲಿ ನಾಲ್ಕು ಕಡೆ ಅಳೆಯಿರಿ. ಇದು ಉಜ್ಜಿದ ಕೈಯ ತಪ್ಪು, ಗಾಜು ಆರಿಸಿದವರದ್ದಲ್ಲ.

ಇಷ್ಟಾದ ಮೇಲೂ ಸುತ್ತಲೂ ಒಂದೇ ಸಮ ನೇರಳೆ ಉಳಿದರೆ ಒಂದು ರಟ್ಟು ತಗೊಳ್ಳಿ. ನಡುವೆ 50 ಮಿ.ಮೀ. ತೂತು ಕೊರೆದು ಲೆನ್ಸಿನ ಮುಂದೆ ಹಿಡಿಯಿರಿ. ನೇರಳೆ ಗಮನಿಸುವಷ್ಟು ಇಳಿಯಿತೇ? ಹಾಗಾದರೆ ಇದು ಆ ಗಾಜಿನ ಜೋಡಿಯ ಸ್ವಭಾವ, ದೋಷ ಅಲ್ಲ. ಯಾಕೆ ಅಂತ ಹೇಳುತ್ತೇನೆ.

ಬಿಕೆ7ನ ಒಂದೇ ಪೀನ ಲೆನ್ಸ್ ಮಾಡಿದರೆ 1000 ಮಿ.ಮೀ. ಸಂಗಮದೂರದಲ್ಲಿ ಕೆಂಪು ಮತ್ತು ನೀಲಿ ಬೆಳಕು ಸೇರುವ ಜಾಗಗಳ ನಡುವೆ 15.6 ಮಿ.ಮೀ. ಅಂತರ ಬರುತ್ತದೆ. ಸಾವಿರವನ್ನು ಅಬ್ಬೆ ಸಂಖ್ಯೆಯಿಂದ ಭಾಗಿಸಿದರೆ ಸಿಗುವುದು ಇದೇ. ಫ್ಲಿಂಟ್ ಗಾಜಿನ ನಿಮ್ನ ಲೆನ್ಸ್ ಜೊತೆಗಿಟ್ಟಾಗ ಕೆಂಪು, ನೀಲಿ ಎರಡೂ ಒಂದೇ ಕಡೆ ಬರುತ್ತವೆ. ಆದರೆ ಹಸಿರು-ಹಳದಿ ಅವಕ್ಕಿಂತ ಸ್ವಲ್ಪ ಮುಂಚೆ ಸೇರುತ್ತದೆ. ಎಷ್ಟು ಮುಂಚೆ ಅಂದರೆ, ಬಿಕೆ7-ಎಫ್2 ಜೋಡಿಯಲ್ಲಿ ಸಂಗಮದೂರದ ಸುಮಾರು 2000ದಲ್ಲಿ ಒಂದು ಪಾಲು, ನಮ್ಮ ಲೆನ್ಸಿಗೆ ಅರ್ಧ ಮಿ.ಮೀ. ಸಂಗಮದೂರವನ್ನು ಅಗಲದಿಂದ ಭಾಗಿಸಿದರೆ ಬರುವುದು ಎಫ್ ಸಂಖ್ಯೆ, ನಮ್ಮದು ಎಫ್/12.5. ಇದರಲ್ಲಿ ಫೋಕಸ್ ಎರಡೂ ಕಡೆಗೆ 0.17 ಮಿ.ಮೀ. ಆಚೀಚೆ ಆದರೆ ಕಣ್ಣಿಗೆ ತಿಳಿಯುವುದಿಲ್ಲ, ಅರ್ಧ ಮಿ.ಮೀ. ಆದರೆ ತಿಳಿಯುತ್ತದೆ. ಹಾಗಾಗಿ ಎಲ್ಲಾ ಸರಿಯಾಗಿ ಮಾಡಿದ ಲೆನ್ಸಿನಲ್ಲೂ ಚಂದ್ರ, ಶುಕ್ರನಂಥ ಹೊಳೆಯುವ ವಸ್ತುಗಳ ಸುತ್ತ ತೆಳು ನೇರಳೆ ಉಳಿದೇ ಉಳಿಯುತ್ತದೆ. ಹಳೆಯ ಅಂದಾಜು ಸೂತ್ರ ಒಂದಿದೆ. ಲೆನ್ಸಿನ ಅಗಲ ಎಷ್ಟು ಇಂಚೋ ಅದರ ಮೂರು ಪಟ್ಟಿಗಿಂತ ಎಫ್ ಸಂಖ್ಯೆ ಕಡಿಮೆ ಇರಬಾರದು. 80 ಮಿ.ಮೀ.ಗೆ ಎಫ್/9.5 ಆಸುಪಾಸು ಬರುತ್ತದೆ. ನೀವು ಎಫ್/5 ಮಾಡಿ ನೇರಳೆ ಬಂತು ಅಂದರೆ ಆ ಜೋಡಿ ಗಾಜನ್ನು ಬೈದು ಉಪಯೋಗವಿಲ್ಲ.

ಬಹಳ ಜನ ಎಡವುವುದು ಇಲ್ಲೇ. "ಅಬ್ಬೆ ಸಂಖ್ಯೆಗಳ ಅಂತರ ಜಾಸ್ತಿ ಇರುವ ಗಾಜು ಹಾಕಿದರೆ ಬಣ್ಣ ಹೋಗುತ್ತದೆ" ಅಂದುಕೊಂಡು ಎಫ್2 ಬಿಟ್ಟು ಎಸ್‌ಎಫ್11 ಹಾಕುತ್ತಾರೆ. ಎಸ್‌ಎಫ್11ರ ಅಬ್ಬೆ ಸಂಖ್ಯೆ 25.76. ಇದರಿಂದ ಲಾಭ ಇದೆ, ಆದರೆ ಅದು ಬೇರೆ ಲಾಭ. ಎಫ್2 ಜೊತೆಗಾದರೆ ಬಿಕೆ7 ಲೆನ್ಸಿಗೆ 433 ಮಿ.ಮೀ. ಸಂಗಮದೂರ ಬೇಕು, ಎಸ್‌ಎಫ್11 ಜೊತೆಗಾದರೆ 599 ಸಾಕು. ಬಾಗು ಕಡಿಮೆಯಾಗುತ್ತದೆ, ಉಜ್ಜುವುದು ಸುಲಭ, ಗೋಲ ವಿಪಥನವೂ (ಲೆನ್ಸಿನ ಅಂಚಿನ ಬೆಳಕು ನಡುವಿನ ಬೆಳಕು ಸೇರುವ ಜಾಗದಲ್ಲೇ ಸೇರದ ದೋಷ) ಹಿಡಿತಕ್ಕೆ ಬರುತ್ತದೆ. ನೇರಳೆ ಮಾತ್ರ ಕಡಿಮೆಯಾಗುವುದಿಲ್ಲ, ಸ್ವಲ್ಪ ಜಾಸ್ತಿಯೇ ಆಗುತ್ತದೆ. ಏಕೆಂದರೆ ಉಳಿಯುವ ನೇರಳೆಯನ್ನು ತೀರ್ಮಾನಿಸುವುದು ಮೂರನೆಯ ಒಂದು ಅಂಕಿ. ಅದಕ್ಕೆ ಭಾಗಶಃ ವಿಭಜನೆ ಅನ್ನುತ್ತಾರೆ, ನೀಲಿಯಿಂದ ನೇರಳೆಯ ಕಡೆಗೆ ಗಾಜು ಎಷ್ಟು ಜಾಸ್ತಿ ಎಳೆಯುತ್ತದೆ ಅನ್ನುವ ಲೆಕ್ಕ. ಸಾಮಾನ್ಯ ಗಾಜುಗಳನ್ನೆಲ್ಲ ಈ ಅಂಕಿ ಮತ್ತು ಅಬ್ಬೆ ಸಂಖ್ಯೆ ಹಾಕಿ ಗ್ರಾಫಿನಲ್ಲಿ ಗುರುತಿಸಿದರೆ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ಸಾಲಾಗಿ ನಿಲ್ಲುತ್ತವೆ. ಆ ಗೆರೆಯಿಂದ ಹೊರಗೆ ನಿಂತ ಗಾಜು ಬೇಕು.

ಅಂಥ ಗಾಜು ಇದೆ. ಗಾಜು ಮಾಡುವ ಒಹಾರಾ ಕಂಪನಿಯವರ ಎಸ್-ಎಫ್‌ಪಿಎಲ್53ಕ್ಕೆ ಸೂಚ್ಯಂಕ 1.43875, ಅಬ್ಬೆ ಸಂಖ್ಯೆ 95ರ ಹತ್ತಿರ. ಕ್ಯಾಲ್ಸಿಯಂ ಫ್ಲೋರೈಡ್ ಹರಳಿನದೂ ಹಾಗೇ. ವಿಶೇಷ ಅಂದರೆ ಇದರ ಜೊತೆ ನಮ್ಮ ಬಿಕೆ7 ಫ್ಲಿಂಟಿನ ಜಾಗದಲ್ಲಿ ನಿಂತು ನಿಮ್ನ ಲೆನ್ಸ್ ಆಗುತ್ತದೆ! ಇಬ್ಬರ ಭಾಗಶಃ ವಿಭಜನೆಯೂ ಹೆಚ್ಚುಕಡಿಮೆ ಒಂದೇ, ಹಾಗಾಗಿ ನೇರಳೆ ಬಹುತೇಕ ಹೋಗುತ್ತದೆ. ಆದರೆ ಪೀನ ಲೆನ್ಸಿಗೆ 324 ಮಿ.ಮೀ. ಸಂಗಮದೂರ ಬೇಕು, ಅದೂ ಕಡಿಮೆ ಸೂಚ್ಯಂಕದ ಗಾಜಿನಲ್ಲಿ, ಅಂದರೆ ಬಾಗು ತೀರಾ ಜಾಸ್ತಿ. ಗಾಜು ಮೆತ್ತಗೆ, ಬೆಲೆ ದುಬಾರಿ, ಬಿಸಿಗೆ ತುಂಬಾ ಹಿಗ್ಗುತ್ತದೆ. ಮೊದಲ ಲೆನ್ಸಿಗೆ ಇದನ್ನು ಮುಟ್ಟಬೇಡಿ ಅಂತಲೇ ನಾನು ಹೇಳುವುದು. ಬಿಕೆ7-ಎಫ್2 ಇಟ್ಟುಕೊಂಡು ಎಫ್/12ರ ಹತ್ತಿರ ಇರಿ, ಉಳಿದ ನೇರಳೆಗೆ ಐಪೀಸಿಗೆ ತಿರುಗಿಸುವ ತೆಳು ಹಳದಿ ಫಿಲ್ಟರ್ ಸಾಕು.

ರಟ್ಟು ಹಿಡಿದರೂ ಬಣ್ಣ ಅಷ್ಟಾಗಿ ಇಳಿಯಲಿಲ್ಲ, ಸುತ್ತಲೂ ದಟ್ಟ ಕೆಂಪೋ ದಟ್ಟ ನೀಲಿಯೋ ಇದೆ ಅಂದರೆ ಕೆಂಪು-ನೀಲಿ ಸೇರಿಯೇ ಇಲ್ಲ. ಆಗ ಗಾಜೇ ಬೇರೆ ಇರಬಹುದು ಅನ್ನುವ ಅನುಮಾನ ಬರಬೇಕು.

## ಸಂಗಮದೂರ ಲೆಕ್ಕಕ್ಕೆ ಹೊಂದುತ್ತಿಲ್ಲ

ಇದು ನನಗೇ ಆದದ್ದು. ಡಬ್ಲೆಟ್ಟಿನ ಪೀನ ಲೆನ್ಸಿಗೆ ಬಿಕೆ7 ಬೇಕೆಂದು ಹೊರಗಿನ ಊರಿನ ಒಬ್ಬ ವ್ಯಾಪಾರಿಯಿಂದ ಬಿಲ್ಲೆ ತರಿಸಿದ್ದೆವು. ಬಿಲ್ಲಿನಲ್ಲಿ "ಬೋರೋಸಿಲಿಕೇಟ್" ಅಂತ ಇತ್ತು. ಬಿಕೆ7 ಕೂಡ ಬೋರೋಸಿಲಿಕೇಟ್ ಕ್ರೌನ್ ತಾನೇ, ಸರಿ ಅಂದುಕೊಂಡೆವು. ಉಜ್ಜಿ, ಪಾಲಿಶ್ ಮಾಡಿ ಅಳೆದರೆ 433 ಬರಬೇಕಾದದ್ದು 472ರ ಹತ್ತಿರ ಬಂತು. ಒಂದು ವಾರ ಬಾಗಿನ ತ್ರಿಜ್ಯವನ್ನೇ ಮತ್ತೆ ಮತ್ತೆ ಅಳೆದೆವು. ಕೊನೆಗೆ ಗೊತ್ತಾದದ್ದು, ಅದು ಲ್ಯಾಬಿನ ಬೀಕರ್ ಮಾಡುವ ಬೋರೋಸಿಲಿಕೇಟ್. ಅದರ ಸೂಚ್ಯಂಕ 1.474ರ ಆಸುಪಾಸು. ಸಂಗಮದೂರ ನಡೆಯುವುದು ಸೂಚ್ಯಂಕದಿಂದ ಒಂದನ್ನು ಕಳೆದ ಮೇಲೆ ಉಳಿಯುವ ಅಂಕಿಯ ಮೇಲೆ, 0.517 ಇರಬೇಕಾದ ಕಡೆ 0.474 ಇದ್ದರೆ ಸಂಗಮದೂರ ಶೇಕಡಾ 9ರಷ್ಟು ಉದ್ದವಾಗುತ್ತದೆ. ಆ ಹುಡುಗರು ಎಷ್ಟು ರಾತ್ರಿ ಕೂತು ಉಜ್ಜಿದ್ದರು ಅಂತ ನನಗೆ ಗೊತ್ತು. ಅದಕ್ಕೇ ಈ ಭಾಗವನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಅಳತೆ ಸರಿ ಇದೆಯೇ ನೋಡಿ. ಸೂರ್ಯನನ್ನು ಇಟ್ಟುಕೊಂಡು ಸಂಗಮದೂರ ಅಳೆಯಲೇಬೇಡಿ. 80 ಮಿ.ಮೀ. ಲೆನ್ಸ್ ಕಾಗದವನ್ನಷ್ಟೇ ಅಲ್ಲ, ಬಟ್ಟೆಯನ್ನೂ ಸುಡುತ್ತದೆ, ಅದರೊಳಗೆ ಕಣ್ಣಿಟ್ಟರೆ ದೃಷ್ಟಿ ಹೋದಂತೆಯೇ. ಎರಡು ಮೂರು ಕಿಲೋಮೀಟರ್ ದೂರದ ಮೊಬೈಲ್ ಟವರ್ ಸಾಕು. ಚಿತ್ರದುರ್ಗದ ಕಡೆಯವರಿಗಂತೂ ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಂಪು ದೀಪ ಇದ್ದೇ ಇದೆ. ಆದರೆ ಅದು ಕೆಂಪು, ಲೆಕ್ಕ ಇರುವುದು ಹಳದಿಗೆ. ಒಂಟಿ ಲೆನ್ಸಿನಲ್ಲಿ ಅಷ್ಟಕ್ಕೇ ಕೆಲವು ಮಿ.ಮೀ. ವ್ಯತ್ಯಾಸ ಬರುತ್ತದೆ, ಮರೆಯಬೇಡಿ. ಬಾಗನ್ನು ಫಿಸಿಕ್ಸ್ ಲ್ಯಾಬಿನ ಸ್ಫೆರೋಮೀಟರಿನಲ್ಲಿ ಅಳೆಯಿರಿ.

ಅಳತೆ ಸರಿ ಇದ್ದರೆ ಗಾಜನ್ನು ತೂಗಿ. ನಾನು ಮಂಡಿಪೇಟೆ ಕಡೆಯ ಪರಿಚಯದ ಅಕ್ಕಸಾಲಿಗರ ಹತ್ತಿರ ಹೋಗುತ್ತೇನೆ. "ಅಣ್ಣಾ, ಇದನ್ನ ನೀರಲ್ಲಿ ಮುಳುಗಿಸಿ ತೂಗಬೇಕು" ಅಂದರೆ ಅವರಿಗೆ ಬಿಡಿಸಿ ಹೇಳಬೇಕಿಲ್ಲ. ಮೊದಲು ಗಾಳಿಯಲ್ಲಿ ತೂಕ, ಆಮೇಲೆ ದಾರ ಕಟ್ಟಿ ಪೂರ್ತಿ ನೀರಿನಲ್ಲಿ ಮುಳುಗಿಸಿ ತೂಕ. ಗುಳ್ಳೆ ಅಂಟಿಕೊಂಡಿರಬಾರದು, ಲೆನ್ಸ್ ಪಾತ್ರೆಯ ತಳಕ್ಕೆ ತಾಗಬಾರದು. ಗಾಳಿಯಲ್ಲಿ 100 ಗ್ರಾಂ ಇರುವ ಗಾಜು ಬಿಕೆ7 ಆದರೆ ನೀರಿನಲ್ಲಿ 60.2 ಗ್ರಾಂ ತೂಗುತ್ತದೆ, ಎಫ್2 ಆದರೆ 72.2, ಬೀಕರ್ ಗಾಜಾದರೆ 55.2. ಸಾಂದ್ರತೆ ಕ್ರಮವಾಗಿ 2.51, 3.60, 2.23. ಇಷ್ಟು ದೊಡ್ಡ ವ್ಯತ್ಯಾಸವನ್ನು ಚಿನ್ನದ ತಕ್ಕಡಿ ಸುಲಭವಾಗಿ ಹಿಡಿಯುತ್ತದೆ.

ಒಂದು ಎಚ್ಚರಿಕೆ. ಕಿಟಕಿ ಗಾಜಿನ ಸಾಂದ್ರತೆಯೂ 2.5, ಸೂಚ್ಯಂಕವೂ 1.52ರ ಹತ್ತಿರ. ತೂಕದಲ್ಲಿ ಅದು ಬಿಕೆ7 ಎಂದೇ ಮೋಸ ಹೋಗುತ್ತೀರಿ. ಅಂಚಿನಿಂದ ಒಳಗೆ ನೋಡಿ. ಹಸಿರು ಛಾಯೆ ಇದ್ದರೆ ಅದರಲ್ಲಿ ಕಬ್ಬಿಣದ ಅಂಶ ಇದೆ, ಅದು ಕಿಟಕಿಯದೇ.

ಇನ್ನೊಂದು ಪರೀಕ್ಷೆ ಎಣ್ಣೆಯದು. ಗಾಜಿನ ಸೂಚ್ಯಂಕವೂ ದ್ರವದ್ದೂ ಒಂದೇ ಆದರೆ ಗಾಜು ಅದರೊಳಗೆ ಮಾಯವಾದಂತೆ ಕಾಣುತ್ತದೆ. ಹರಳೆಣ್ಣೆಯ ಸೂಚ್ಯಂಕ 1.478ರ ಸುಮಾರು, ಬೀಕರ್ ಗಾಜಿನ ಚೂರು ಅದರಲ್ಲಿ ಕಾಣದಂತಾಗುತ್ತದೆ. ಗ್ರಂಧಿಗೆ ಅಂಗಡಿಯ ಲವಂಗದ ಎಣ್ಣೆ 1.53ರ ಹತ್ತಿರ, ಬಿಕೆ7 ಅದರಲ್ಲಿ ಮಸುಕು ಗೆರೆಯಷ್ಟೇ ಉಳಿಯುತ್ತದೆ. ಎಫ್2 ಎರಡರಲ್ಲೂ ಎದ್ದು ಕಾಣುತ್ತದೆ. ಕತ್ತರಿಸಿ ಉಳಿದ ಚೂರಿನ ಮೇಲೆ ಮಾತ್ರ ಇದನ್ನು ಮಾಡಿ, ಕೋಟಿಂಗ್ (ಪ್ರತಿಫಲನ ತಡೆಯುವ ಲೇಪ) ಇರುವ ಅಥವಾ ಅಂಟಿಸಿದ ಲೆನ್ಸನ್ನು ಎಣ್ಣೆಗೆ ಹಾಕಬೇಡಿ. ಲವಂಗದ ಎಣ್ಣೆ ಕಣ್ಣು, ಚರ್ಮಕ್ಕೆ ಉರಿ, ಪ್ಲಾಸ್ಟಿಕ್ಕನ್ನೂ ಮೆತ್ತಗೆ ಮಾಡುತ್ತದೆ. ಸ್ಟೀಲ್ ಲೋಟವಲ್ಲ, ಗಾಜಿನ ಲೋಟ ಬೇಕು.

ಇದಕ್ಕಿಂತ ನಿಖರ ಬೇಕಾದರೆ ಕೆಮಿಸ್ಟ್ರಿ ವಿಭಾಗದವರನ್ನು ಕೇಳಿ, ಅಬ್ಬೆ ರಿಫ್ರ್ಯಾಕ್ಟೋಮೀಟರ್ ಇರುತ್ತದೆ. ಚಪ್ಪಟೆಯಾಗಿ ಪಾಲಿಶ್ ಮಾಡಿದ ಒಂದು ಚೂರು ಕೊಟ್ಟರೆ 1.7ರವರೆಗಿನ ಸೂಚ್ಯಂಕ ಸಿಗುತ್ತದೆ. ಇಲ್ಲೂ ತಿಳಿಯದಿದ್ದರೆ ಮನೆಯಲ್ಲಿ ಒದ್ದಾಡಬೇಡಿ, ಗಾಜನ್ನು ಪರೀಕ್ಷಿಸುವ ಲ್ಯಾಬಿಗೆ ಕಳಿಸಿ. ಕೋಲ್ಕತ್ತಾದಲ್ಲಿ ಗಾಜು ಮತ್ತು ಸೆರಾಮಿಕ್ಸಿಗೆಂದೇ ಕೇಂದ್ರ ಸಂಶೋಧನಾ ಸಂಸ್ಥೆ ಇದೆ.

ವ್ಯತ್ಯಾಸ ಶೇಕಡಾ 9 ಅಲ್ಲ, ಸಾವಿರಕ್ಕೆ ಒಂದರಷ್ಟು ಮಾತ್ರ ಅಂದರೆ? ಆಗ "ಸಮಾನ" ಗಾಜು ಬಂದಿರಬಹುದು. ಶಾಟ್ ಕಂಪನಿಯ ಎನ್-ಬಿಕೆ7ಗೆ (ಬಿಕೆ7ರ ಈಗಿನ ರೂಪ) 1.51680, ಅದಕ್ಕೆ ಸಮ ಎನ್ನುವ ಒಹಾರಾದ ಎಸ್-ಬಿಎಸ್ಎಲ್7ಗೆ 1.51633. ಒಂದೇ ಹೆಸರಿನ ಗಾಜಿನಲ್ಲೂ ಕುಲುಮೆಯಿಂದ ಕುಲುಮೆಗೆ, ಅಂದರೆ ಒಂದೊಂದು ಸಲ ಕರಗಿಸಿದಾಗಲೂ, ಸೂಚ್ಯಂಕ 0.0005, ಅಬ್ಬೆ ಸಂಖ್ಯೆ ಶೇಕಡಾ ಅರ್ಧದಷ್ಟು ಆಚೀಚೆ ಆಗಲು ಕ್ಯಾಟಲಾಗಿನ ಸಾಮಾನ್ಯ ದರ್ಜೆಯಲ್ಲೇ ಅವಕಾಶ ಇದೆ. ಭೂತಗನ್ನಡಿಗೆ ಇದರಿಂದ ಏನೂ ಆಗದು. ಡಬ್ಲೆಟ್ಟಿಗೆ ಆಗುತ್ತದೆ. ಆ ಕುಲುಮೆಯ ಅಳತೆ ಚೀಟಿ ಕೇಳಿ ತರಿಸಿಕೊಂಡು, ಅದೇ ಅಂಕಿ ಹಾಕಿ ಕೊನೆಯ ಬಾಗನ್ನು ಮತ್ತೆ ಲೆಕ್ಕ ಮಾಡಿ. ಇದನ್ನು ಉಜ್ಜುವ ಮುಂಚೆ ಮಾಡಬೇಕು, ಉಜ್ಜಿದ ಮೇಲಲ್ಲ.

## ನಕ್ಷತ್ರ ಚುಕ್ಕೆಯಾಗಿ ಕಾಣುತ್ತಿಲ್ಲ

ಮೂರು ಮೂಲೆಯಾಗಿ ಕಾಣುತ್ತಿದೆಯೇ? ಲೆನ್ಸ್ ಹಿಡಿದ ಮೂರು ಸ್ಕ್ರೂ ಬಿಗಿಯಾಗಿವೆ. ಕಾಲು ಸುತ್ತು ಸಡಿಲಿಸಿ. ಲೆನ್ಸನ್ನು ಅಲ್ಲಾಡಿಸಿದಾಗ ತೀರಾ ಸಣ್ಣಗೆ ಟಕ್ ಅನ್ನಬೇಕು, ಅಷ್ಟು ಸಡಿಲ ಇರಲಿ.

ಒಟ್ಟಾರೆ ಮಸುಕು, ಫೋಕಸ್ಸೇ ಕೂರುವುದಿಲ್ಲ ಅಂದರೆ ತೊಳೆದು ಮತ್ತೆ ಜೋಡಿಸುವಾಗ ಲೆನ್ಸ್ ತಿರುವುಮುರುವಾಗಿದೆಯೇ ನೋಡಿ. ಬಿಚ್ಚುವ ಮುಂಚೆ ಎರಡರ ಅಂಚಿಗೂ ಸೇರಿಸಿ ಪೆನ್ಸಿಲಿನಲ್ಲಿ ಒಂದು ಬಾಣದ ಗುರುತು ಹಾಕಿಕೊಂಡರೆ ಈ ತೊಂದರೆಯೇ ಇಲ್ಲ.

ಸ್ಕ್ರೂ ಸಡಿಲಿಸಿದರೂ ಆಕಾರ ಸೊಟ್ಟ ಇದ್ದರೆ ಗಾಜಿನ ಒಳಗಿನ ಬಿಗಿತ ನೋಡಬೇಕು. ಕಂಪ್ಯೂಟರಿನ ಎಲ್‌ಸಿಡಿ ಪರದೆಯನ್ನು ಪೂರ್ತಿ ಬಿಳಿ ಮಾಡಿ. ಪೋಲರಾಯ್ಡ್ ತಂಪು ಕನ್ನಡಕವನ್ನು ಕೈಯಲ್ಲಿ ಹಿಡಿದು, ಪರದೆ ಕಪ್ಪಾಗುವವರೆಗೆ ತಿರುಗಿಸಿ. ಈಗ ಲೆನ್ಸನ್ನು ನಡುವೆ ಹಿಡಿಯಿರಿ. ಒಳ್ಳೆಯ ಗಾಜು ಕಪ್ಪಾಗಿಯೇ ಇರುತ್ತದೆ. ಬೆಳಕಿನ ಮಚ್ಚೆಯೋ ಶಿಲುಬೆಯಂಥ ಆಕಾರವೋ ಬಣ್ಣವೋ ಕಂಡರೆ ಗಾಜನ್ನು ನಿಧಾನವಾಗಿ ತಣಿಸಿಲ್ಲ, ಒಳಗೆ ಒತ್ತಡ ಉಳಿದಿದೆ. ಅಂಥ ಬಿಲ್ಲೆಯನ್ನು ಉಜ್ಜಲು ಹೋಗಬೇಡಿ, ವಾಪಸ್ ಕೊಡಿ. ಮನೆಯ ಒಲೆಯಲ್ಲಿ ಬಿಸಿ ಮಾಡಿ ಸರಿಪಡಿಸುವ ಸಾಹಸ ಖಂಡಿತ ಬೇಡ, ಗಾಜು ಸಿಡಿಯುತ್ತದೆ.

ನಕ್ಷತ್ರದಿಂದ ಒಂದು ಕಡೆಗೆ ಬಾಲದಂಥ ಎಳೆ ಹೊರಟಿದ್ದರೆ ಗಾಜಿನಲ್ಲಿ ಎಳೆ ಇರಬಹುದು. ಪಾಕದಲ್ಲಿ ನೀರು ಬೆರೆಸುವಾಗ ಎಳೆಎಳೆಯಾಗಿ ಕಾಣುತ್ತದಲ್ಲ, ಅದೇ ಥರ, ಕರಗಿದ ಗಾಜು ಸರಿಯಾಗಿ ಬೆರೆಯದಿದ್ದರೆ ಉಳಿಯುವ ಗೆರೆ. ಕತ್ತಲೆ ಕೋಣೆಯಲ್ಲಿ ಒಂದೇ ಚುಕ್ಕೆ ಎಲ್ಇಡಿ ಇಟ್ಟು, ಮೂರು ನಾಲ್ಕು ಮೀಟರ್ ದೂರದಲ್ಲಿ ಎರಡೂ ಮುಖ ಪಾಲಿಶ್ ಆದ ಬಿಲ್ಲೆಯನ್ನು ಹಿಡಿದು ಗೋಡೆಯ ಮೇಲಿನ ನೆರಳು ನೋಡಿ. ನೆರಳಿನಲ್ಲಿ ಗೆರೆ ಓಡಿದರೆ ಅದು ಎಳೆಯೇ. ಇದಕ್ಕೆ ಮದ್ದಿಲ್ಲ, ಬಿಲ್ಲೆ ಬದಲಿಸಬೇಕು. ಗುಳ್ಳೆಗಳ ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. ಒಂದೆರಡು ಸಾಸಿವೆಗಿಂತ ಚಿಕ್ಕ ಗುಳ್ಳೆ ನೋಡಲು ಕೆಟ್ಟದಾಗಿ ಕಾಣಬಹುದು, ಅದು ಅಷ್ಟೇ ಜಾಗದ ಬೆಳಕು ತಡೆಯುತ್ತದೆ, ಚಿತ್ರವನ್ನು ಕೆಡಿಸುವುದಿಲ್ಲ.

## ಚಿತ್ರ ಮಬ್ಬು, ಅಥವಾ ಹಳದಿ ಛಾಯೆ

ಧೂಳು ನೋಡಿ ಮೊದಲು. ನಮ್ಮೂರ ಬೇಸಿಗೆಯಲ್ಲಿ ಒಂದೇ ವಾರ ಸಾಕು. ರಬ್ಬರ್ ಬಲೂನಿನ ಬ್ಲೋವರಿನಿಂದ ಊದಿ, ಒರೆಸುವುದು ಕೊನೆಗೆ.

ಆಮೇಲೆ ಪ್ರತಿಫಲನ. ಕೋಟಿಂಗ್ ಇಲ್ಲದ ಬಿಕೆ7ನ ಒಂದು ಮುಖ ಶೇಕಡಾ 4.2ರಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಎಫ್2 5.6, ಎಸ್‌ಎಫ್11 ಸುಮಾರು 7.9. ಸೂಚ್ಯಂಕ ಏರಿದಷ್ಟೂ ಇದು ಏರುತ್ತದೆ. ಬೀದಿ ದೀಪದ ಭೂತಚಿತ್ರ (ದೀಪ ಇಲ್ಲದ ಕಡೆ ಅದರ ಮಸುಕು ಪ್ರತಿಬಿಂಬ) ಕಾಣುವುದು, ಕಪ್ಪು ಆಕಾಶ ಬೂದುಬಣ್ಣ ಆಗುವುದು ಇದರಿಂದಲೇ. ಭಾರಿ ಫ್ಲಿಂಟ್ ಆರಿಸಿದವರು ಕೋಟಿಂಗಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೊಳವೆಯ ಒಳಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದಿದ್ದೀರಾ? ಅದರಿಂದಲೇ ಅರ್ಧ ದೂರು ಹೋಗುತ್ತದೆ.

ಬಿಳಿ ಹಾಳೆಯ ಮೇಲೆ ಲೆನ್ಸ್ ಇಟ್ಟಾಗ ಹಳದಿ ಕಂಡರೆ ಮೂರು ಕಾರಣ. ಹಳೆಯ ಕೆನಡಾ ಬಾಲ್ಸಂ ಅಂಟು ವರ್ಷ ಕಳೆದಂತೆ ಹಳದಿಯಾಗುತ್ತದೆ. ಭಾರಿ ಫ್ಲಿಂಟ್ ಗಾಜುಗಳು ಸ್ವಭಾವದಿಂದಲೇ ನೇರಳೆ ಬೆಳಕನ್ನು ನುಂಗುತ್ತವೆ, ಸೀಸ ತೆಗೆದು ಮಾಡಿದ ಹೊಸ ಬಗೆಗಳಲ್ಲಿ ಇದು ಇನ್ನೂ ಸ್ವಲ್ಪ ಜಾಸ್ತಿ. ಮೂರನೆಯದು ಎಚ್ಚರಿಕೆಯದು. ಎರಡನೇ ಮಹಾಯುದ್ಧದ ನಂತರದ ಕೆಲವು ದಶಕಗಳ ಹಳೆಯ ಕ್ಯಾಮೆರಾ ಲೆನ್ಸುಗಳಲ್ಲಿ ಥೋರಿಯಂ ಸೇರಿಸಿದ ಗಾಜು ಇರುತ್ತಿತ್ತು, ಅದು ತಾನಾಗಿಯೇ ಕಂದು-ಹಳದಿಗೆ ತಿರುಗುತ್ತದೆ. ಗುಜರಿಯಲ್ಲಿ ಸಿಕ್ಕ ಅಂಥ ಲೆನ್ಸನ್ನು ಇಟ್ಟುಕೊಳ್ಳಬಹುದು, ಆದರೆ ಒಡೆಯಬಾರದು, ಉಜ್ಜಬಾರದು. ಅದರ ಪುಡಿ ಉಸಿರಿನಲ್ಲಿ ಹೋಗಬಾರದು.

## ಒರೆಸಿದರೂ ಹೋಗದ ಕಲೆ

ಬೋರ್‌ವೆಲ್ ನೀರಿನ ಬಿಳಿ ಚುಕ್ಕೆ ಆದರೆ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿದ ಹತ್ತಿಯಿಂದ ಮೆಲ್ಲಗೆ ತೆಗೆಯಬಹುದು. ಲೆನ್ಸನ್ನು ಕೊನೆಗೆ ತೊಳೆಯುವುದೂ ಡಿಸ್ಟಿಲ್ಡ್ ನೀರಿನಲ್ಲೇ ಆಗಲಿ. ಹಿತ್ತಾಳೆ ತೊಳೆದಂತೆ ಹುಣಸೆಹಣ್ಣು, ನಿಂಬೆಹಣ್ಣು ಮುಟ್ಟಿಸಬೇಡಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಗಾಜುಗಳಿಗೆ ಹುಳಿಯನ್ನು ತಡೆಯುವ ಶಕ್ತಿ ಒಂದೊಂದಕ್ಕೆ ಒಂದೊಂದು ಥರ. ಕ್ಯಾಟಲಾಗಿನಲ್ಲಿ ಅದಕ್ಕೂ ದರ್ಜೆ ಕೊಟ್ಟಿರುತ್ತಾರೆ, 1ರಿಂದ 4, ಅದಕ್ಕಿಂತ ಕೆಟ್ಟದ್ದಕ್ಕೆ 51ರಿಂದ 53. ಎನ್-ಬಿಕೆ7ದು 1. ಎನ್-ಎಸ್‌ಕೆ16 ಅನ್ನುವ ಚೆಂದದ ಗಾಜಿನದು 53, ಹುಳಿ ತಾಗಿದರೆ ಬೇಗ ಹಾಳಾಗುತ್ತದೆ. ಅದರ ಮೇಲೆ ಬೆರಳಿನ ಬೆವರು ಉಳಿದರೂ ಕಲೆ ಕೂರುವ ಭಯ.

ಕಾಮನಬಿಲ್ಲಿನ ಬಣ್ಣದ ಪೊರೆ ಕಂಡರೆ ಗಾಜಿನ ಮೇಲ್ಮೈಯೇ ತಿನ್ನಿಸಿಕೊಂಡಿದೆ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್. ದಾವಣಗೆರೆಯ ಒಣ ಹವೆಗೆ ಅಷ್ಟು ಬರುವುದಿಲ್ಲ, ಮಲೆನಾಡಿನ ನೆಂಟರ ಮನೆಯಲ್ಲಿ ಒಂದು ಮಳೆಗಾಲ ಇದ್ದು ಬಂದ ಲೆನ್ಸಿನಲ್ಲಿ ನೋಡಿದ್ದೇನೆ. ಬೇಗ ಕಂಡರೆ ಒರೆಸಿ ತೆಗೆಯಬಹುದು, ತಡವಾದರೆ ಗಾಜಿನಲ್ಲಿ ಅಚ್ಚು ಉಳಿಯುತ್ತದೆ. ಇಡುವಾಗ ಡಬ್ಬಿಗೆ ಸಿಲಿಕಾ ಜೆಲ್ ಹಾಕಿ, ನುಸಿಗುಳಿಗೆ ಹಾಕಬೇಡಿ, ಅದರ ಆವಿ ಗಾಜಿನ ಮೇಲೆ ಕೂರುತ್ತದೆ. ಪೊರೆಯನ್ನು ಪಾಲಿಶ್ ಪುಡಿ ಹಾಕಿ ಉಜ್ಜಿ ತೆಗೆಯಲು ಹೋದರೆ ಬಾಗು ಕೆಡುತ್ತದೆ. ಅಲ್ಲಿಗೆ ನಿಲ್ಲಿಸಿ, ಲೆನ್ಸ್ ಕೆಲಸದವರಿಗೆ ಕೊಡಿ. ಡಿಸೈನ್ ಮಾಡುವಾಗಲೇ ಮುಂದಿನ ಲೆನ್ಸಿಗೆ ಗಟ್ಟಿ ಗಾಜು, ಸೂಕ್ಷ್ಮ ಗಾಜು ಒಳಗೆ ಅನ್ನುವ ಕ್ರಮ ಇಟ್ಟುಕೊಂಡರೆ ಇದೆಲ್ಲ ಬರುವುದು ಕಡಿಮೆ.

## ರಾತ್ರಿ ಫೋಕಸ್ ಓಡುತ್ತಿದೆ, ಅಥವಾ ಗಾಜು ಬಿರುಕು ಬಿಟ್ಟಿದೆ

ಫೋಕಸ್ ಓಡಿದರೆ ಮೊದಲು ಕೊಳವೆಯನ್ನು ಅನುಮಾನಿಸಿ. ಒಂದು ಮೀಟರ್ ಅಲ್ಯೂಮಿನಿಯಂ ಕೊಳವೆ 10 ಡಿಗ್ರಿ ತಣ್ಣಗಾದರೆ ಸುಮಾರು 0.23 ಮಿ.ಮೀ. ಕುಗ್ಗುತ್ತದೆ. ಆಗಲೇ ಹೇಳಿದ 0.17ಕ್ಕಿಂತ ಇದು ಜಾಸ್ತಿ. ಬಿಕೆ7-ಎಫ್2 ಜೋಡಿ ಅಷ್ಟೇ ಚಳಿಗೆ ಸರಿಸುವ ಫೋಕಸ್ ಇದರ ಹತ್ತರಲ್ಲಿ ಒಂದು ಪಾಲೂ ಇಲ್ಲ. ಟೆಲಿಸ್ಕೋಪನ್ನು ಅರ್ಧ ಮುಕ್ಕಾಲು ಗಂಟೆ ಮುಂಚೆ ಮಹಡಿ ಮೇಲೆ ಇಟ್ಟು ಬನ್ನಿ. ಎಫ್‌ಪಿಎಲ್53ನಂಥ ಗಾಜಾದರೆ ಇನ್ನೂ ಹೊತ್ತು ಬೇಕು, ಅಂಚು ಬೇಗ ತಣಿದು ನಡು ಬಿಸಿ ಉಳಿದಿರುವಷ್ಟು ಹೊತ್ತು ಅದರ ಆಕಾರವೇ ಸರಿ ಇರುವುದಿಲ್ಲ.

ಬಿರುಕು ಬರುವುದು ಹೆಚ್ಚಾಗಿ ಅಂಟಿಸಿದ ಜೋಡಿಯಲ್ಲಿ. ಬಿಕೆ7 ಪ್ರತಿ ಡಿಗ್ರಿಗೆ ಹತ್ತು ಲಕ್ಷಕ್ಕೆ 7.1 ಪಾಲು ಹಿಗ್ಗುತ್ತದೆ, ಎಫ್2 8.2. ಇದು ನಡೆಯುತ್ತದೆ. ಎಫ್‌ಪಿಎಲ್53ರ ಥರದ ಇನ್ನೊಂದು ಗಾಜು ಎನ್-ಎಫ್‌ಕೆ51ಎ 12.7 ಹಿಗ್ಗುತ್ತದೆ. ಅದನ್ನು ಬಿಕೆ7ಗೆ ಗಟ್ಟಿ ಅಂಟಿನಿಂದ ಕೂಡಿಸಿ, ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡಿಕ್ಕಿಯಲ್ಲಿಟ್ಟು, 40 ಡಿಗ್ರಿ ವ್ಯತ್ಯಾಸ ಬಂತು ಅಂದುಕೊಳ್ಳಿ. 60 ಮಿ.ಮೀ. ಅಗಲದಲ್ಲಿ ಎರಡೂ ಗಾಜುಗಳ ನಡುವೆ 13 ಮೈಕ್ರಾನ್ ಎಳೆದಾಟ. ಅಂಟು ಬಿಡಬೇಕು, ಇಲ್ಲವೇ ಗಾಜು ಬಿಡಬೇಕು. ಅಂಚಿನಿಂದ ಒಳಗೆ ಎಲೆಯಂಥ ಹೊಳೆಯುವ ಆಕಾರ ಹಬ್ಬಿದ್ದರೆ ಅಂಟು ಬಿಟ್ಟಿದೆ ಅಂತ, ಗಾಜು ಇನ್ನೂ ಚೆನ್ನಾಗಿದೆ. ಹೊರಗಿನ ಗೆರೆ ಉಗುರಿಗೆ ತಗುಲಿದರೆ ಅದು ಬಿರುಕು. ಹಿಗ್ಗುವ ಪ್ರಮಾಣ ಇಷ್ಟು ದೂರ ಇರುವ ಗಾಜುಗಳನ್ನು ಅಂಟಿಸಬೇಡಿ, ನಡುವೆ ಗಾಳಿ ಬಿಟ್ಟು ಜೋಡಿಸಿ. ಬಿಸಿಯಾದ ಲೆನ್ಸಿಗೆ ತಣ್ಣೀರು ತಾಗಿಸಬೇಡಿ.

ಅಂಟು ಬಿಡಿಸುವ ಕೆಲಸಕ್ಕೆ ದ್ರಾವಕ ಬೇಕು, ಅವು ಬೆಂಕಿ ಹಿಡಿಯುತ್ತವೆ, ಅಡುಗೆಮನೆಯಲ್ಲಿ ಮಾಡಬೇಡಿ. ಅತಿನೇರಳೆ ಬೆಳಕಿಗೆ ಗಟ್ಟಿಯಾಗುವ ಅಂಟು ಬಳಸುವವರು ಅದಕ್ಕೆಂದೇ ಇರುವ ಕನ್ನಡಕ ಹಾಕಿ. ಎಫ್2 ಮತ್ತು ಹಳೆಯ ಎಸ್‌ಎಫ್ ಗಾಜುಗಳಲ್ಲಿ ಸೀಸ ಜಾಸ್ತಿ. ಉಜ್ಜುವಾಗ ಯಾವಾಗಲೂ ನೀರು ಹಾಕಿಯೇ ಉಜ್ಜಿ, ಒಣ ಪುಡಿ ಏಳಬಾರದು. ಆ ಕೆಸರನ್ನು ಬಚ್ಚಲಿಗೆ ಸುರಿಯಬೇಡಿ, ಮಕ್ಕಳು ಓಡಾಡುವ ಕಡೆ ಕೂತು ಮಾಡಬೇಡಿ, ಊಟಕ್ಕೆ ಮುಂಚೆ ಕೈ ತೊಳೆಯಿರಿ.

## ಕಂಪ್ಯೂಟರಿನಲ್ಲಿ ಚೆನ್ನಾಗಿದೆ, ಗಾಜು ಸಿಗುತ್ತಿಲ್ಲ

ಸಾಫ್ಟ್‌ವೇರಿಗೆ "ಗಾಜು ನೀನೇ ಆರಿಸು" ಅಂತ ಬಿಟ್ಟರೆ ಅದು ಕ್ಯಾಟಲಾಗಿನ ಮೂಲೆಯಿಂದ ಯಾವುದೋ ದುಬಾರಿ ಗಾಜು ಎತ್ತಿಕೊಂಡು ಬರುತ್ತದೆ. ಅದಕ್ಕೆ ಬೆಲೆ, ಕಲೆ, ಬಿರುಕು ಯಾವುದೂ ಗೊತ್ತಿಲ್ಲ. ಮೊದಲು ನಿಮಗೆ ಸಿಗುವ ಎಂಟು ಹತ್ತು ಗಾಜಿನ ಪಟ್ಟಿ ಮಾಡಿ, ಆರಂಕಿ ಸಮೇತ. ಸಾಫ್ಟ್‌ವೇರಿಗೆ ಆ ಪಟ್ಟಿಯನ್ನಷ್ಟೇ ಕೊಡಿ. ಗಾಜು ಬದಲಿಸುವ ಮುಂಚೆ ಬಾಗು, ದಪ್ಪ, ನಡುವಿನ ಅಂತರ ಬದಲಿಸಲು ಬಿಡಿ. ಬಹಳಷ್ಟು ಸಲ ಬಿಕೆ7-ಎಫ್2ರಲ್ಲೇ ಸಾಕಾಗುವಷ್ಟು ಬರುತ್ತದೆ.

ಇಷ್ಟೂ ಮಾಡಿ ದಾರಿ ಕಾಣದಿದ್ದರೆ ಯಾರನ್ನಾದರೂ ಕೇಳಿ, ಸಂಕೋಚ ಬೇಡ. ಹೋಗುವಾಗ ಗಾಜಿನ ಆರಂಕಿ, ಕುಲುಮೆಯ ಚೀಟಿ ಇದ್ದರೆ ಅದು, ಗಾಳಿಯಲ್ಲಿ ಮತ್ತು ನೀರಿನಲ್ಲಿ ತೂಗಿದ ತೂಕ, ಅಳೆದ ಬಾಗುಗಳು, ರಟ್ಟು ಹಿಡಿದು ಮತ್ತು ಹಿಡಿಯದೆ ತೆಗೆದ ಎರಡು ಫೋಟೋ ತಗೊಂಡು ಹೋಗಿ. ಲೆನ್ಸನ್ನು ಹಳೇ ಪಂಚೆಯ ಒಗೆದ ಮೆತ್ತನೆ ತುಂಡಿನಲ್ಲಿ ಸುತ್ತಿ ಡಬ್ಬಿಯಲ್ಲಿಡಿ, ಬಸ್ಸಿನ ಕಿಟಕಿ ಬಿಸಿಲಿಗೆ ಇಡಬೇಡಿ.